ಸಂಬಳ ತಡವಾಗುತ್ತಿರುವ ಸರಕು ವಿಮಾನ ಸಂಸ್ಥೆಗೆ ಪೈಲಟ್ ಆಗಿ ಸೇರಬಹುದೇ?

ತೋಟದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನನಗೆ ಇಪ್ಪತ್ತಾರು ವರ್ಷ, ಊರು ಚನ್ನಗಿರಿ ತಾಲ್ಲೂಕು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದು ಎರಡು ವರ್ಷ ದಾಟಿತು. ಲಾಗ್‌ಬುಕ್‌ನಲ್ಲಿರುವುದು 212 ಗಂಟೆಯ ಹಾರಾಟ. ತರಬೇತಿಗಾಗಿ ಅಪ್ಪ ಅಡಿಕೆ ತೋಟ ಅಡವಿಟ್ಟಿದ್ದಾರೆ, ಕಂತು ಕಟ್ಟುತ್ತಿರುವವರೂ ಅವರೇ.

ಹೋದ ವಾರ ಒಂದು ಸರಕು ವಿಮಾನ ಸಂಸ್ಥೆಯಿಂದ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಕೆಲಸಕ್ಕೆ ಪತ್ರ ಬಂದಿದೆ. ಬೋಯಿಂಗ್ 737 ಸರಕು ವಿಮಾನ. ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸಲು ಬೇಕಾದ ತರಬೇತಿ ಮತ್ತು ಅರ್ಹತೆ) ಖರ್ಚಿನಲ್ಲಿ 9 ಲಕ್ಷ ರೂಪಾಯಿ ನಾನು ಕೊಡಬೇಕು, ಉಳಿದದ್ದು ಅವರದು. ಐದು ವರ್ಷ ಬಿಡದೆ ದುಡಿಯುತ್ತೇನೆ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಬಾಂಡ್, ಜೊತೆಗೆ ಮೊತ್ತ ಬರೆಯದೆ ಸಹಿ ಮಾಡಿದ ಮೂರು ಚೆಕ್. ಅಲ್ಲಿ ಕೆಲಸ ಮಾಡುತ್ತಿರುವ ನನ್ನ ಸೀನಿಯರ್ ಹೇಳುವ ಪ್ರಕಾರ ಸಂಬಳ ಎರಡು ತಿಂಗಳು ತಡ, ಇರುವ ಮೂರು ವಿಮಾನಗಳಲ್ಲಿ ಒಂದು ಎಂಜಿನ್ ಇಲ್ಲದೆ ನಿಂತಿದೆ. ಉತ್ತರ ಕೊಡಲು ಹತ್ತು ದಿನ ಇದೆ. ಬೇರೆ ಯಾವ ಕರೆಯೂ ಬಂದಿಲ್ಲ. ಅಪ್ಪ "ನಿನ್ನ ಇಷ್ಟ" ಎನ್ನುತ್ತಾರೆ. ಆ ಮಾತೇ ನನಗೆ ಭಾರವಾಗಿದೆ.

ರಾತ್ರಿ ಹಾರಾಟ:
ತಂಗಿ, ಸೇರಿಕೋ. ನಾನು ಹದಿನಾಲ್ಕು ವರ್ಷದಿಂದ ಸರಕು ವಿಮಾನ ಹಾರಿಸುತ್ತಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ಕ್ಯಾಪ್ಟನ್ ಆಗಿ. ಸಂಸ್ಥೆ ಮುಳುಗಬಹುದು, ಆದರೆ ನಿನ್ನ ಲಾಗ್‌ಬುಕ್ಕಿನ ಗಂಟೆಗಳನ್ನು ಯಾವ ಬ್ಯಾಂಕೂ ಜಪ್ತಿ ಮಾಡಲಾರದು. 212 ಗಂಟೆಯ ಲೈಸೆನ್ಸ್ ಹಿಡಿದು ಸಾಲಿನಲ್ಲಿ ನಿಂತವರು ನಮ್ಮ ದೇಶದಲ್ಲಿ ಸಾವಿರಾರು ಮಂದಿ. ಜೆಟ್ ವಿಮಾನದಲ್ಲಿ 500 ಗಂಟೆ ಹಾರಿಸಿದವರ ಸಾಲು ಬೇರೆ, ಅದು ಚಿಕ್ಕದು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ ಬೇಕು, ಅದು ಮನೆಯಲ್ಲಿ ಕುಳಿತರೆ ಬರುವುದಿಲ್ಲ.

ಇನ್ನೊಂದು ಮಾತು. ಸರಕು ವಿಮಾನದ ಹಾರಾಟ ಕಲಿಸುವುದನ್ನು ಬೇರೆ ಯಾವುದೂ ಕಲಿಸುವುದಿಲ್ಲ. ಮಧ್ಯರಾತ್ರಿ ಹೊರಟು, ಮುಂಗಾರಿನ ಮೋಡಗಳ ನಡುವೆ ದಾರಿ ಹುಡುಕಿ, ಬೆಳಗಿನ ಜಾವ ಇಳಿಯುತ್ತೇವೆ. ಮೊದಲ ಎರಡು ವರ್ಷದಲ್ಲಿ ನನ್ನ ಕೈ ಪಳಗಿದ್ದು ಅಲ್ಲಿ.

ಮುಚ್ಚಿದ ಸಂಸ್ಥೆಯವನು:
ಕ್ಯಾಪ್ಟನ್ ಸರ್, ಗಂಟೆ ಜಪ್ತಿಯಾಗುವುದಿಲ್ಲ ಎನ್ನುವುದು ಸರಿ. ಗಂಟೆಗಳು ಹಳಸುತ್ತವೆ ಎನ್ನುವುದನ್ನೂ ಹೇಳಬೇಕಿತ್ತು.

ನಾನಿದ್ದ ಸಂಸ್ಥೆ ಮುಚ್ಚುವ ಏಳು ತಿಂಗಳ ಮೊದಲೇ ಸಿಮ್ಯುಲೇಟರ್‌ನಲ್ಲಿ (ಪೈಲಟ್‌ಗಳ ತರಬೇತಿ, ಪರೀಕ್ಷೆ ನಡೆಯುವ ಅಣಕು ಕಾಕ್‌ಪಿಟ್) ನಮಗೆ ಕಾದಿರಿಸಿದ್ದ ಸಮಯಗಳು ಒಂದೊಂದಾಗಿ ರದ್ದಾದವು. ಕಾರಣ ಯಾರೂ ಹೇಳಲಿಲ್ಲ. ಸಿಮ್ಯುಲೇಟರ್ ಕೇಂದ್ರಕ್ಕೆ ದುಡ್ಡು ಕಟ್ಟಿರಲಿಲ್ಲ, ಅಷ್ಟೇ. ಆರು ತಿಂಗಳಿಗೊಮ್ಮೆ ಆಗಬೇಕಾದ ಪ್ರಾವೀಣ್ಯ ಪರೀಕ್ಷೆ ತಪ್ಪಿತೆಂದರೆ ಪೈಲಟ್ ಹಾರಿಸುವಂತಿಲ್ಲ, ನೆಲಕ್ಕೆ ಬಿದ್ದ ಹಾಗೆ. ತೊಂಬತ್ತು ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಇರಬೇಕೆಂಬ ನಿಯಮವೂ ಇದೆ. ಕೊನೆಗೆ ನನ್ನ ಬಳಿ 640 ಗಂಟೆ ಇತ್ತು, ಒಂದೂ ಚಾಲ್ತಿಯಲ್ಲಿರಲಿಲ್ಲ. ಅದನ್ನು ಮತ್ತೆ ಊರ್ಜಿತಗೊಳಿಸಲು ಕೈಯಿಂದ ಹಣ ಹಾಕಿದೆ.

ತಂಗಿ, ಸಂಬಳ ಎರಡು ತಿಂಗಳು ತಡ ಎಂದು ಬರೆದಿರುವೆ. ನಿನ್ನ ಸೀನಿಯರ್‌ಗೆ ಒಂದೇ ಪ್ರಶ್ನೆ ಕೇಳು: ಕಳೆದ ಸಲ ಸಿಮ್ಯುಲೇಟರ್‌ಗೆ ಹೋದದ್ದು ಯಾವಾಗ, ಮುಂದಿನ ದಿನಾಂಕ ಗೊತ್ತಾಗಿದೆಯೇ? ಸಂಬಳಕ್ಕಿಂತ ಮೊದಲು ಮಾತಾಡುವುದು ಸಿಮ್ಯುಲೇಟರ್.

ಲೆಕ್ಕದ ಪುಸ್ತಕ:
ನಾನು ಪೈಲಟ್ ಅಲ್ಲ, ಲೆಕ್ಕ ಪರಿಶೋಧಕ. ಆದರೆ ಇಂತಹ ಸಂಸ್ಥೆಗಳ ನೌಕರರ ತೆರಿಗೆ ಕಡತಗಳನ್ನು ನೋಡಿದ್ದೇನೆ. ಸಂಬಳ ಬಾರದಿರುವುದು ಎಲ್ಲರಿಗೂ ಕಾಣುತ್ತದೆ. ಕಾಣದೆ ಇರುವುದು ಸಂಬಳದಲ್ಲಿ ಹಿಡಿದುಕೊಂಡು ಎಲ್ಲಿಯೂ ಕಟ್ಟದ ದುಡ್ಡು. ಕಿಂಗ್‌ಫಿಶರ್ ಏರ್‌ಲೈನ್ಸ್ ನೌಕರರ ಸಂಬಳದಿಂದ ಮುರಿದುಕೊಂಡ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದೆ ಪ್ರಕರಣ ಎದುರಿಸಿದ್ದು ನಮ್ಮ ಬೆಂಗಳೂರಿನವರಿಗೆ ಮರೆತಿರಲಾರದು.

ಆದ್ದರಿಂದ ಸೀನಿಯರ್ ಒಪ್ಪಿದರೆ ಅವರ ಭವಿಷ್ಯ ನಿಧಿಯ ಪಾಸ್‌ಬುಕ್ ತೆರೆಸಿ ನೋಡಿ. ಸಂಬಳ ಚೀಟಿಯಲ್ಲಿ ಕಡಿತವಿದ್ದು ಪಾಸ್‌ಬುಕ್‌ನಲ್ಲಿ ಜಮೆ ಇಲ್ಲದಿದ್ದರೆ ಅದು ಕೈಸಾಲದ ತೊಂದರೆ ಅಲ್ಲ, ರೋಗ ಮೂಳೆಗೆ ಇಳಿದಿದೆ. ಅವರ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾದ ತೆರಿಗೆಯ ಪಟ್ಟಿಯನ್ನೂ ಹಾಗೆಯೇ ತಾಳೆ ನೋಡಿ. ಜೊತೆಗೆ, ವಿಮಾನ ಬಾಡಿಗೆ ಕೊಟ್ಟವರು ತಮ್ಮ ವಿಮಾನದ ನೋಂದಣಿ ರದ್ದು ಮಾಡಿ ಎಂದು ಅರ್ಜಿ ಹಾಕಿದರೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ, ವಿಮಾನದ ನೋಂದಣಿ ಸಂಖ್ಯೆ ಗೊತ್ತಿದ್ದರೆ ಸಾಕು.

ದೇವನಹಳ್ಳಿ ಗೋದಾಮು:
ನಾನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಪ್ಪತ್ತು ವರ್ಷಗಳಿಂದ ಸರಕು ಏಜೆಂಟ್. ಹೂವು, ಔಷಧ, ಸಿದ್ಧ ಉಡುಪು ಎಲ್ಲವನ್ನೂ ಕಳುಹಿಸಿದ್ದೇನೆ. ಮಗಳೇ, ನೀನು ಕೇಳಬೇಕಾದ ಮುಖ್ಯ ಪ್ರಶ್ನೆಯನ್ನು ಇಲ್ಲಿ ಯಾರೂ ಇನ್ನೂ ಕೇಳಿಲ್ಲ. ಆ ವಿಮಾನದೊಳಗೆ ಹೋಗುವ ಪೆಟ್ಟಿಗೆಗಳು ಯಾರವು?

ನಮ್ಮ ಕ್ಯಾಪ್ಟನ್ ಗೋಪಿನಾಥ್ ಅವರು 2009ರಲ್ಲಿ ಡೆಕ್ಕನ್ 360 ಶುರು ಮಾಡಿದರು. ನಾಗಪುರವನ್ನು ನಡುಕೇಂದ್ರ ಮಾಡಿ ರಾತ್ರೋರಾತ್ರಿ ದೇಶದ ಮೂಲೆ ಮೂಲೆಗೆ ಪೆಟ್ಟಿಗೆ ತಲುಪಿಸುವ ಯೋಜನೆ. ಅಗ್ಗದ ವಿಮಾನಯಾನವನ್ನು ಜನಸಾಮಾನ್ಯರಿಗೆ ತಲುಪಿಸಿದ ವ್ಯಕ್ತಿ, ಕನಸಿನಲ್ಲಿ ಕೊರತೆ ಇರಲಿಲ್ಲ. 2011ರಲ್ಲಿ ಅದು ನಿಂತಿತು. ಇನ್ನೊಂದು ಕಡೆ ಬ್ಲೂ ಡಾರ್ಟ್ 1996ರಿಂದ ಹಾರುತ್ತಲೇ ಇದೆ. ವ್ಯತ್ಯಾಸ ಏನು? ಬ್ಲೂ ಡಾರ್ಟ್ ವಿಮಾನವನ್ನು ತುಂಬಿಸುವುದು ಅದರದೇ ಕೊರಿಯರ್ ಜಾಲ, ಬೆನ್ನಿಗೆ ಡಿಎಚ್‌ಎಲ್ ಸಮೂಹ ಇದೆ. ಬೇರೆಯವರ ಪೆಟ್ಟಿಗೆಗಳನ್ನು ದಿನದಿನಕ್ಕೆ ಹುಡುಕಿಕೊಂಡು ಹಾರುವ ಸಂಸ್ಥೆಗೆ ಎದುರಾಳಿ ಇನ್ನೊಂದು ಸರಕು ವಿಮಾನವಲ್ಲ. ಪ್ರಯಾಣಿಕರ ವಿಮಾನದ ಹೊಟ್ಟೆ. ಜನ ಹೇಗೂ ಹೋಗುತ್ತಿರುತ್ತಾರೆ, ಕೆಳಗಿನ ಜಾಗಕ್ಕೆ ಸಿಕ್ಕಷ್ಟು ಬಾಡಿಗೆ ಲಾಭ. ಆ ದರಕ್ಕೆ ಸರಕು ವಿಮಾನ ಇಳಿದರೆ ಇಂಧನದ ದುಡ್ಡೂ ಹುಟ್ಟುವುದಿಲ್ಲ. 2020ರಲ್ಲಿ ಪ್ರಯಾಣಿಕರ ವಿಮಾನಗಳು ನಿಂತಾಗ ನಾವು ಕೇಳಿದಷ್ಟು ದರ ಕೊಟ್ಟು ಜಾಗ ಹಿಡಿದೆವು. ಆ ದಿನಗಳು ಇದೇ ಶಾಶ್ವತ ಎಂದು ನಂಬಿ ವಿಮಾನ ತಂದವರು ಈಗ ಕಷ್ಟದಲ್ಲಿದ್ದಾರೆ. ದೂರ ಕಡಿಮೆ ಇದ್ದ ಕಡೆ ಲಾರಿ ಗೆದ್ದಿದೆ, ಹೆದ್ದಾರಿಗಳು ಅಷ್ಟು ಒಳ್ಳೆಯದಾಗಿವೆ.

ಹಾಗೆಂದು ಸೇರಬೇಡ ಎನ್ನುತ್ತಿಲ್ಲ. ದೊಡ್ಡ ಆನ್‌ಲೈನ್ ಅಂಗಡಿಯೋ ಕೊರಿಯರ್ ಸಂಸ್ಥೆಯೋ ವರ್ಷಗಟ್ಟಲೆ ಒಪ್ಪಂದ ಮಾಡಿಕೊಂಡಿದ್ದರೆ ಸಂಸ್ಥೆಗೆ ಉಸಿರು ಇದೆ. ಆದರೆ ಗಿರಾಕಿ ಒಬ್ಬರೇ ಆಗಿದ್ದರೆ ಆ ಒಪ್ಪಂದ ಮುಗಿಯುವ ತಿಂಗಳು ಯಾವುದೆಂದು ತಿಳಿದುಕೋ.

ಹ್ಯಾಂಗರ್ ಕೆಲಸ:
ನಿಂತ ಆ ಒಂದು ವಿಮಾನದ ಬಗ್ಗೆ. ನಾನು ವಿಮಾನ ನಿರ್ವಹಣಾ ಎಂಜಿನಿಯರ್. ದುಡ್ಡಿಲ್ಲದ ಕಡೆ ನಿಂತ ವಿಮಾನ ನಿಧಾನವಾಗಿ ಬಿಡಿಭಾಗಗಳ ಉಗ್ರಾಣವಾಗುತ್ತದೆ. ಅದರಿಂದ ಬಿಚ್ಚಿ ಇದಕ್ಕೆ ಹಾಕುವುದು ಕಾಗದಪತ್ರ ಸರಿಯಿದ್ದರೆ ನಿಯಮಬಾಹಿರವಲ್ಲ. ಆದರೆ ಅದು ಅಭ್ಯಾಸವಾದರೆ, ಹಾರುವ ಎರಡು ವಿಮಾನಗಳಲ್ಲಿ ದುರಸ್ತಿ ಮುಂದೂಡಿದ ದೋಷಗಳ ಪಟ್ಟಿ ಉದ್ದವಾಗುತ್ತದೆ. ಪ್ರತಿಯೊಂದಕ್ಕೂ ಗಡುವು ಇರುತ್ತದೆ. ಗಡುವಿನ ಹಿಂದಿನ ರಾತ್ರಿ ನಮ್ಮ ಮೇಲೆ ಬೀಳುವ ಒತ್ತಡವನ್ನು ನಾನು ಅನುಭವಿಸಿದ್ದೇನೆ.

ಅಂಥ ರಾತ್ರಿ ಕಾಕ್‌ಪಿಟ್‌ನಲ್ಲಿ ಕುಳಿತ ಹೊಸ ಫಸ್ಟ್ ಆಫೀಸರ್ "ಈ ವಿಮಾನ ಬೇಡ" ಎಂದು ಹೇಳಬಲ್ಲಳೇ? ಬಾಂಡ್, ಸಹಿ ಹಾಕಿದ ಚೆಕ್, ಊರಿನಲ್ಲಿ ಅಡವಿಟ್ಟ ತೋಟ ಇವೆಲ್ಲ ತಲೆಯಲ್ಲಿರುವಾಗ? ಹಣದ ಮಾತನ್ನೂ ಸುರಕ್ಷತೆಯ ಮಾತನ್ನೂ ನೀವು ಬೇರೆ ಬೇರೆ ಮಾಡಿ ಮಾತಾಡುತ್ತಿದ್ದೀರಿ. ನನ್ನ ಮಟ್ಟಿಗೆ ಎರಡೂ ಒಂದೇ.

ರಾತ್ರಿ ಹಾರಾಟ:
ಈ ಮಾತನ್ನು ಪೂರ್ತಿ ಒಪ್ಪಲಾರೆ. ವಿಮಾನ ಒಪ್ಪಿಕೊಳ್ಳುವುದು, ಬಿಡುವುದು ಕ್ಯಾಪ್ಟನ್ ತೀರ್ಮಾನ. ಸಂಬಳ ನಾಲ್ಕು ತಿಂಗಳು ನಿಂತಿದ್ದ ಕಾಲದಲ್ಲೂ ನಾನು ವಿಮಾನ ತಿರಸ್ಕರಿಸಿದ್ದೇನೆ, ನನ್ನ ಕೆಲಸ ಹೋಗಲಿಲ್ಲ. ಎಲ್ಲ ಬಡ ಸಂಸ್ಥೆಗಳನ್ನೂ ಅಪಾಯಕಾರಿ ಎಂದರೆ ಅಲ್ಲಿ ಪ್ರಾಮಾಣಿಕವಾಗಿ ದುಡಿಯುವವರಿಗೆ ಅನ್ಯಾಯ.

ಹ್ಯಾಂಗರ್ ಕೆಲಸ:
ನೀವು ತಿರಸ್ಕರಿಸಿದಿರಿ, ಏಕೆಂದರೆ ನೀವು ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿದ್ದಿರಿ. ನಿಮಗೆ ಹೊರಗೆ ಕೆಲಸ ಸಿಗುತ್ತಿತ್ತು. ನಾನು ಕೇಳಿದ್ದು ಬಲಗಡೆ ಕುಳಿತವಳ ಬಗ್ಗೆ.

ಮುಚ್ಚಿದ ಸಂಸ್ಥೆಯವನು:
ಹೊರಬೀಳುವುದೂ ಸುಲಭವಲ್ಲ. ಡಿಜಿಸಿಎ ನಿಯಮದಂತೆ ಫಸ್ಟ್ ಆಫೀಸರ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ಸಂಬಳ ಬಾರದ ಆರು ತಿಂಗಳನ್ನು ಲೆಕ್ಕ ಹಾಕಿ ನೋಡು, ತಂಗಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರ ರಾತ್ರಿ ಕೊನೆಯ ಬಾರಿ ಹಾರಿದಾಗ ಪೈಲಟ್‌ಗಳಿಗೆ ತಿಂಗಳುಗಳ ಸಂಬಳ ಬಾಕಿ ಇತ್ತು. ಅದನ್ನು ಎಬ್ಬಿಸುವ ಯೋಜನೆ ಐದು ವರ್ಷ ಎಳೆದಾಡಿ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಸ್ತಿ ಮಾರಿ ಮುಚ್ಚಿ ಎಂದಿತು. ಗೋ ಫಸ್ಟ್ 2023ರ ಮೇನಲ್ಲಿ ನಿಂತಾಗ ವಿಮಾನ ಬಾಡಿಗೆ ಕೊಟ್ಟವರೇ ತಮ್ಮ 54 ವಿಮಾನಗಳನ್ನು ಬಿಡಿಸಿಕೊಳ್ಳಲು ದೆಹಲಿ ಹೈಕೋರ್ಟಿನಲ್ಲಿ ಸುಮಾರು ಒಂದು ವರ್ಷ ಹೋರಾಡಿದರು. ಅವರ ಗತಿ ಹೀಗಾದರೆ ಪೈಲಟ್ ಗತಿ ಏನು?

ಕೋರ್ಟ್ ರಸ್ತೆ:
ವಕೀಲಳಾಗಿ ಎರಡು ವಿಷಯ. ದಿವಾಳಿ ಕಾಯ್ದೆಯ ಪ್ರಕಾರ ಆಸ್ತಿ ಮಾರಿದ ಹಣದಲ್ಲಿ ಮೊದಲು ಪ್ರಕ್ರಿಯೆಯ ಖರ್ಚು, ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಪಡೆದ ಬ್ಯಾಂಕುಗಳು, ಅದಾದ ಮೇಲೆ ಇತರ ನೌಕರರ 12 ತಿಂಗಳ ಬಾಕಿ. ವಿಮಾನಗಳೇ ಬಾಡಿಗೆಯವು ಆಗಿದ್ದರೆ ಮಾರಲು ಉಳಿಯುವುದು ಮೇಜು ಕುರ್ಚಿ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಯಿಟಿ ಹಣ ಆ ರಾಶಿಗೆ ಸೇರುವುದಿಲ್ಲ ಎನ್ನುವುದೊಂದು ಸಮಾಧಾನ, ಅದನ್ನು ಕಟ್ಟಿದ್ದರೆ ಮಾತ್ರ.

ಬಾಂಡ್ ಬರೀ ಕಾಗದ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ನಿಮಗೆ ಅನೇಕರು ಹೇಳುತ್ತಾರೆ. ನಂಬಬೇಡಿ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ಮುಗಿಯುವ ಮೊದಲೇ ಬಿಟ್ಟವರು ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಂಸ್ಥೆ ಸಂಬಳವನ್ನೇ ಕೊಡದಿದ್ದರೆ ನಿಮ್ಮ ವಾದಕ್ಕೆ ಖಂಡಿತ ಬಲ ಇದೆ, ಆದರೆ ಅದನ್ನು ವರ್ಷಗಟ್ಟಲೆ ವಾದಿಸಬೇಕು. ಅದಕ್ಕಿಂತ ಅಪಾಯ ಆ ಖಾಲಿ ಚೆಕ್‌ಗಳು. ಚೆಕ್ ಅಮಾನ್ಯವಾದರೆ ಕ್ರಿಮಿನಲ್ ಪ್ರಕರಣ, ಬೇರೆ ಊರಿನ ಕೋರ್ಟಿಗೆ ಅಲೆದಾಟ. ಚೆಕ್ ಕೊಡಬೇಡಿ. ಒಪ್ಪಂದದಲ್ಲಿ ಒಂದು ಸಾಲು ಸೇರಿಸಲು ಕೇಳಿ: ಸಂಬಳ ಅರವತ್ತು ದಿನ ಮೀರಿ ತಡವಾದರೆ, ಅಥವಾ ಸಂಸ್ಥೆ ತನ್ನ ಖರ್ಚಿನಲ್ಲಿ ನಿಮ್ಮ ರೇಟಿಂಗ್ ಚಾಲ್ತಿಯಲ್ಲಿಡದಿದ್ದರೆ, ಬಾಂಡ್ ತಾನಾಗಿ ರದ್ದು. ಬಾಂಡ್ ಮೊತ್ತವೂ ತಿಂಗಳು ತಿಂಗಳು ಇಳಿಯುತ್ತಾ ಹೋಗಬೇಕು.

ಪೈಲಟ್ ಮನೆಯವಳು:
ನನ್ನ ಯಜಮಾನರು ಇಂಥದೇ ಸಂಸ್ಥೆಯಲ್ಲಿ ಹನ್ನೊಂದು ತಿಂಗಳು ಸಂಬಳವಿಲ್ಲದೆ ಹಾರಿಸಿದರು. ಮುಂದಿನ ವಾರ ಬರುತ್ತದೆ ಎನ್ನುವ ಮಾತಿನ ಮೇಲೆ. ಮಗಳ ಶಾಲೆಯ ಶುಲ್ಕಕ್ಕೆ ನನ್ನ ಬಳೆ ಹೋಯಿತು, ಅದು ಹೋಗಲಿ. ರಾತ್ರಿ ಎರಡರಿಂದ ಆರರ ನಡುವೆ ದೇಹ ನಿದ್ದೆ ಬೇಡುವ ಹೊತ್ತಿನಲ್ಲಿ ವಿಮಾನ ಹಾರಿಸುವ ಮನುಷ್ಯ ಹಗಲು ನಿದ್ದೆ ಮಾಡಬೇಕು. ಸಾಲಗಾರರ ಫೋನ್ ಬರುವುದೂ ಹಗಲಿನಲ್ಲೇ. ಅವರು ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಕಣ್ಣು ಬಿಟ್ಟು ಮಲಗಿರುತ್ತಿದ್ದರು. ಸಂಜೆ ಎದ್ದು ಸಮವಸ್ತ್ರ ಹಾಕಿಕೊಂಡು ಹೊರಡುವಾಗ ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಇದನ್ನು ಯಾವ ಒಪ್ಪಂದದ ಸಾಲಿನಲ್ಲಿ ಬರೆಸುತ್ತೀರಿ?

ರಾತ್ರಿ ಹಾರಾಟ:
ಅಮ್ಮಾ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಮನೆಯಲ್ಲೂ ಅಂಥ ಹಗಲುಗಳು ಇದ್ದವು, ಬರೆಯುವಾಗ ಬಿಟ್ಟುಬಿಟ್ಟಿದ್ದೆ.

ತಂಗಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಸೇರಬಾರದು ಎನ್ನುವುದಿಲ್ಲ, ಈಗಲೂ ಗಂಟೆಯೇ ದೊಡ್ಡದು ಎನ್ನುತ್ತೇನೆ. ಆದರೆ ಆ 9 ಲಕ್ಷ ಕೊಡಬೇಡ. ನಿನ್ನ ಹಣವಿಲ್ಲದೆ ಟೈಪ್ ರೇಟಿಂಗ್ ಮಾಡಿಸಲಾರದ ಸಂಸ್ಥೆ, ಆರು ತಿಂಗಳ ನಂತರ ನಿನ್ನ ಪರೀಕ್ಷೆಗೆ ಎಲ್ಲಿಂದ ದುಡ್ಡು ತರುತ್ತದೆ? ಇನ್ನೊಂದು, ಪತ್ರದಲ್ಲಿ ಬರೀ 737 ಎಂದಿದೆಯೋ, 737-400 ಎಂದಿದೆಯೋ, 737-800 ಎಂದಿದೆಯೋ ನೋಡು. 800 ಆಗಿದ್ದರೆ ಆಕಾಸಾ ಏರ್, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥ ಪ್ರಯಾಣಿಕರ ಸಂಸ್ಥೆಗಳ ಕಡೆ ಹೋಗಲು ದಾರಿ ಹತ್ತಿರ. 400ರಂಥ ಹಳೆಯ ಕ್ಲಾಸಿಕ್ ಮಾದರಿ ಆಗಿದ್ದರೆ ಮತ್ತೆ ತರಬೇತಿ, ಮತ್ತೆ ಖರ್ಚು.

ತೋಟದ ಹುಡುಗಿ:
ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಮೂರು ದಿನದಲ್ಲಿ ನೀವು ಹೇಳಿದ್ದನ್ನೆಲ್ಲ ವಿಚಾರಿಸಿದೆ.

ವಿಮಾನ 737-400. ಸೀನಿಯರ್ ಭವಿಷ್ಯ ನಿಧಿಯ ಪಾಸ್‌ಬುಕ್ ತೋರಿಸಿದರು, ಐದು ತಿಂಗಳಿಂದ ಜಮೆ ಇಲ್ಲ. ಅವರಿಗೇ ಅದು ಗೊತ್ತಿರಲಿಲ್ಲ, ನೋಡಿ ಮುಖ ಬಾಡಿತು. ಸಿಮ್ಯುಲೇಟರ್ ಮಾತ್ರ ಹೋದ ತಿಂಗಳು ಸರಿಯಾಗಿ ಆಗಿದೆ. ಪೆಟ್ಟಿಗೆಗಳು ಬಹುಪಾಲು ಒಂದೇ ಗಿರಾಕಿಯವು, ಆ ಒಪ್ಪಂದ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ.

ಸಂಸ್ಥೆಯವರಿಗೆ ಫೋನ್ ಮಾಡಿ ಕೇಳಿದೆ. ಚೆಕ್ ಬಿಡುತ್ತೇವೆ, ಬಾಂಡ್ ಮೂರು ವರ್ಷಕ್ಕೆ ಇಳಿಸುತ್ತೇವೆ, 9 ಲಕ್ಷ ಮಾತ್ರ ಬೇಕೇ ಬೇಕು ಎಂದರು. ಸಂಬಳದ ಸಾಲು ಸೇರಿಸಲು ಒಪ್ಪಲಿಲ್ಲ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ತೋಟದ ಮೇಲೆ ಇನ್ನೂ ಸಾಲ ಸಿಗುತ್ತದೆ, ವಿಚಾರಿಸಿದ್ದೇನೆ ಎಂದರು. ನನಗೆ ತಿಳಿಸದೆ ಬ್ಯಾಂಕಿಗೆ ಹೋಗಿ ಬಂದಿದ್ದರು. ನಾನು ಬೇಡ ಅಪ್ಪ ಎಂದೆ.

9 ಲಕ್ಷ ಇಲ್ಲದೆ, ಮಾರ್ಚ್ ತಿಂಗಳ ಒಪ್ಪಂದ ಮುಂದುವರಿದ ಮೇಲೆ ಕರೆದರೆ ಬರುತ್ತೇನೆ ಎಂದು ಇವತ್ತು ಬರೆದು ಕಳುಹಿಸಿದ್ದೇನೆ. ಕರೆಯುತ್ತಾರೆ ಎಂಬ ನಂಬಿಕೆ ಕಡಿಮೆ. ಅಲ್ಲಿಯವರೆಗೆ ಒಂದು ಹಾರಾಟ ಶಾಲೆಯಲ್ಲಿ ಬೋಧಕಿಯಾಗುವ ತರಬೇತಿಗೆ ಅರ್ಜಿ ಹಾಕಿದ್ದೇನೆ. ಅದರ ಖರ್ಚನ್ನು ನಾನೇ ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಭರಿಸಬಹುದು.

ಮುಚ್ಚಿದ ಸಂಸ್ಥೆಯವನು:
ಬೋಧಕರ ಗಂಟೆಯೂ ಗಂಟೆಯೇ. ನಿನ್ನ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ಅವಧಿ ಯಾವಾಗ ಮುಗಿಯುತ್ತದೆ? ಅದನ್ನು ಮೊದಲು ನೋಡಿಕೋ.

ತೋಟದ ಹುಡುಗಿ:
ಮುಂದಿನ ತಿಂಗಳ ಹದಿನೆಂಟಕ್ಕೆ, ಅಣ್ಣ. ಪರೀಕ್ಷಕರ ದಿನಾಂಕ ಸಿಕ್ಕಿದೆ.