ಮನೆಯಲ್ಲಿ ಬಣ್ಣದ ಹರಳು: ಕೆಮಿಸ್ಟ್ರಿ ಮೇಷ್ಟ್ರಿಗೆ ಪ್ರಶ್ನೆಗಳು

ರೇಖಾ: ಸರ್, ಪಟಿಕದ ನೀರಿಗೆ ಫುಡ್ ಕಲರ್ ಹಾಕಿದೆವು. ನೀರು ಕಡುಕೆಂಪು, ಹರಳು ಮಾತ್ರ ಬಿಳಿ. ಮಗ ಅಳುತ್ತಿದ್ದಾನೆ.

ಮೇಷ್ಟ್ರು: ಹರಳು ಬೆಳೆಯುವಾಗ ಪಟಿಕವನ್ನಷ್ಟೇ ಸಾಲಾಗಿ ಜೋಡಿಸಿಕೊಳ್ಳುತ್ತದೆ, ಬಣ್ಣಕ್ಕೆ ಅಲ್ಲಿ ಜಾಗ ಇಲ್ಲ. ಬಣ್ಣವೇ ಬೇಕಂದ್ರೆ ಕಲ್ಲುಸಕ್ಕರೆ ಮಾಡಿ.

ಕಿರಣ್: ಉಪ್ಪು ನೀರು ಕುದಿಸಿ ಮುಚ್ಚಿಟ್ಟು ವಾರ ಆಯ್ತು. ಏನೂ ಬಂದಿಲ್ಲ.

ಮೇಷ್ಟ್ರು: ಉಪ್ಪು 100 ಎಂ.ಎಲ್. ತಣ್ಣೀರಲ್ಲಿ 36 ಗ್ರಾಂ ಕರಗುತ್ತದೆ, ಕುದಿನೀರಲ್ಲೂ 39ರಷ್ಟೇ. ಆರಿದರೆ ಸಾಲದು, ನೀರು ಆವಿಯಾಗಬೇಕು. ಮುಚ್ಚಳ ತೆಗೆಯಿರಿ.

ಫರ್ಹಾನಾ: ಬಿಳಿಗಾರದಲ್ಲೂ ಬರುತ್ತಾ ಸರ್?

ಸುಮಾ: ನಾವು ತೀರ್ಥಹಳ್ಳಿ ಕಡೆಯವರು. ಅಡಿಕೆಗೆ ಹೊಡೆಯಲು ತಂದ ಮೈಲುತುತ್ತ ಮನೇಲಿತ್ತು. ಮಗಳಿಗೆ ನೀಲಿ ಹರಳು ಬೇಕಂತೆ. ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿ, ಹಳೇ ಜ್ಯೂಸ್ ಬಾಟ್ಲಿಗೆ ಹಾಕಿ ಫ್ರಿಜ್ಜಲ್ಲಿಟ್ಟೆ. ಬಾಣಲೆ ತಳ ಕೆಂಪಾಗಿದೆ, ತೊಳೆದರೂ ಹೋಗ್ತಿಲ್ಲ.

ಮೇಷ್ಟ್ರು: ಬಾಣಲೆ ಆಮೇಲೆ. ಮೊದಲು ಬಾಟ್ಲಿ ಫ್ರಿಜ್ಜಿನಿಂದ ತೆಗೆದು ಮೇಲೆ ಬೀಗ ಹಾಕುವ ಜಾಗದಲ್ಲಿಡಿ. ಜ್ಯೂಸ್ ಬಾಟ್ಲಿಯಲ್ಲಿ ನೀಲಿ ನೀರು ಕಂಡರೆ ಮಗು ಶರಬತ್ತು ಅಂತಲೇ ಕುಡಿಯುತ್ತದೆ. ಒಳಗೆ ಹೋದರೆ ವಾಂತಿ, ಹೊಟ್ಟೆ ಸುಡುತ್ತದೆ, ಜಾಸ್ತಿ ಹೋದರೆ ಲಿವರ್, ಕಿಡ್ನಿಗೆ ಪೆಟ್ಟು. ಬಾಣಲೆಯ ಕೆಂಪು ಮೈಲುತುತ್ತದೊಳಗಿನ ತಾಮ್ರ. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂತಿದೆ. ಆ ಬಾಣಲೆ ಇನ್ನು ಅಡುಗೆಗೆ ಬೇಡ. ನೀರನ್ನು ಬಚ್ಚಲಿಗೋ ಹಳ್ಳಕ್ಕೋ ಚೆಲ್ಲಬೇಡಿ, ಮೀನು ಸಾಯುತ್ತದೆ. ಮಗಳಿಗೆ ವಯಸ್ಸೆಷ್ಟು? ಬೆರಳು ಬಾಯಿಗೆ ಹಾಕಿದ್ದಾಳಾ?

ಸುಮಾ: ಆರು ಸರ್. ಹಾಕಿದ್ದು ನೋಡಿಲ್ಲ. ಚೆನ್ನಾಗೇ ಆಡ್ತಿದ್ದಾಳೆ.

ಗಿರೀಶ್: *ಫಾರ್ವರ್ಡ್* ವಿಷ ಕುಡಿದರೆ ತಕ್ಷಣ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ. ಎಲ್ಲರಿಗೂ ಕಳಿಸಿ 🙏

ಮೇಷ್ಟ್ರು: ಡಿಲೀಟ್ ಮಾಡಿ. ಮಕ್ಕಳಿಗೆ ಆ ಉಪ್ಪು ನೀರಿಂದಲೇ ಜೀವಕ್ಕೆ ಅಪಾಯ. ವಾಂತಿ ಮಾಡಿಸಬಾರದು, ಪ್ಯಾಕೆಟ್ ಹಿಡಿದು ಸೀದಾ ಆಸ್ಪತ್ರೆಗೆ ಹೋಗಬೇಕು.

ಗಿರೀಶ್: ನಮ್ಮಜ್ಜಿ ಹೀಗೇ ಎಷ್ಟೋ ಜನರನ್ನ ಉಳಿಸಿದ್ರು.

ನವೀನ್: ಮೈಲುತುತ್ತಕ್ಕೆ ಇಷ್ಟು ಗಲಾಟೆನಾ? ನಮ್ಮಪ್ಪ ಬರಿಗೈಲಿ ಕಲಸ್ತಾರೆ.

ರೇಖಾ: ಕಲಸಿ ಮೊಸರಿನ ಪಕ್ಕ ಇಡ್ತಾರಾ?

ನವೀನ್: ಫುಡ್ ಕಲರ್ ಹಾಕಿ ಅಳಿಸಿದವರು ನಮಗೆ ಹೇಳಬೇಡಿ.

ಮೇಷ್ಟ್ರು: ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಜೊತೆಗೆ ಸುಣ್ಣ. ಹರಳಿಗೆ ಮಾಡುವ ನೀರು ಅದರ 20 ಪಟ್ಟಿಗಿಂತ ಗಟ್ಟಿ, ಸುಣ್ಣವೂ ಇಲ್ಲ. ನಿಮ್ಮಪ್ಪನಿಗೂ ಗ್ಲೌಸ್ ಕೊಡಿಸಿ.

ಮಂಜುಳಾ: ಉಪ್ಪಿನ ಹರಳು ಬರ್ತಿಲ್ಲ ಸರ್, ಮುಚ್ಚಿಟ್ಟಿದ್ದೇವೆ.

ಮೇಷ್ಟ್ರು: ಮೇಲೆ ಓದಿ.

ಸುಮಾ: ಬಾಟ್ಲಿ ತೆಗೆದೆ ಸರ್. ಮುಚ್ಚಳ ಸಡಿಲ ಇತ್ತು, ಕೆಳಗಿನ ಹಿಟ್ಟಿನ ಪಾತ್ರೆಯ ಅಂಚಲ್ಲಿ ನೀಲಿ ಕಲೆ. ಮೇಲಿಂದ ತೆಗೆದು ದೋಸೆ ಹುಯ್ಯಬಹುದಾ?

ಮೇಷ್ಟ್ರು: ಬೇಡ. ಪೂರ್ತಿ ಬಿಸಾಕಿ.