ಅಪ್‌ಡೇಟ್: ಅಪ್ಪನ ಕೊನೆಯ ತೆರಿಗೆ ರಿಟರ್ನ್ ಸಲ್ಲಿಕೆಯಾಯಿತು

2024ರ ನವೆಂಬರ್‌ನಲ್ಲಿ ತೀರಿಕೊಂಡ ಅಪ್ಪನ ಆದಾಯ ತೆರಿಗೆ ರಿಟರ್ನ್‌ಗೆ ಯಾರು ಸಹಿ ಹಾಕಬೇಕು ಎಂದು ಹಿಂದೊಮ್ಮೆ ಇಲ್ಲಿ ಕೇಳಿದ್ದೆ. ಉತ್ತರ: ವಾರಸುದಾರ, ಅಂದರೆ ನಾನೇ.

‘ಅಪ್ಪನ ಲಾಗಿನ್‌ನಲ್ಲೇ ಹಾಕಿಬಿಡಿ’ ಎಂದು ಆಗ ಕೆಲವರು ಕೊಟ್ಟ ಸಲಹೆ ನನಗೆ ಒಗ್ಗಲಿಲ್ಲ. ಹೋದವರ ಹೆಸರಿನಲ್ಲಿ ಒಟಿಪಿ ಒತ್ತುವುದೆಂದರೇನು! ನನ್ನ ಪ್ಯಾನ್‌ನಿಂದಲೇ ಇ-ಫೈಲಿಂಗ್ ಪೋರ್ಟಲ್‌ಗೆ ಹೋಗಿ ಕಾನೂನುಬದ್ಧ ವಾರಸುದಾರನಾಗಿ ನೋಂದಾಯಿಸಿಕೊಂಡೆ. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ನಷ್ಟಭರ್ತಿ ಪತ್ರ (ಇಲಾಖೆಗೆ ನಷ್ಟವಾದರೆ ನಾನು ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆ) ಮತ್ತು ವಾರಸುದಾರಿಕೆಯ ದಾಖಲೆ ಬೇಕಾದವು. ಕೊನೆಯದಕ್ಕೆ ನಾಡಕಚೇರಿ ಕೊಡುವ, ಕುಟುಂಬದ ಬದುಕಿರುವ ಸದಸ್ಯರ ಪ್ರಮಾಣಪತ್ರ ಕೊಟ್ಟೆ; ಸರ್ಕಾರ ಕೊಟ್ಟ ಕುಟುಂಬ ಪಿಂಚಣಿ ಪ್ರಮಾಣಪತ್ರವಾದರೂ ನಡೆಯುತ್ತದೆ. ಇಲಾಖೆಯ ಒಪ್ಪಿಗೆ ಬಂದ ಮೇಲೆ ರಿಟರ್ನ್ ಸಲ್ಲಿಸಿ, ನನ್ನ ಆಧಾರ್ ಒಟಿಪಿಯಿಂದ ದೃಢೀಕರಿಸಿದೆ.

ತಲೆ ತಿಂದದ್ದು ಠೇವಣಿಯ ಬಡ್ಡಿ. ಏಪ್ರಿಲ್ 1ರಿಂದ ಮರಣದ ದಿನದವರೆಗಿನದು ಮಾತ್ರ ಅಪ್ಪನ ಆದಾಯ, ಆಮೇಲಿನದು ವಾರಸುದಾರರದು. ಬ್ಯಾಂಕ್ ಮಾತ್ರ ಇಡೀ ವರ್ಷದ ಬಡ್ಡಿಯನ್ನು ಅಪ್ಪನ ಪ್ಯಾನ್‌ಗೇ ತೋರಿಸಿತ್ತು. ಖಾತೆಯ ವಿವರ ಪಡೆದು ಕೈಯಾರೆ ಬೇರ್ಪಡಿಸಬೇಕಾಯಿತು.

‘ಅಪ್ಪನ ತೆರಿಗೆ ಬಾಕಿ ಬಂದರೆ ನಿನ್ನ ಮನೆ ಹೋಗುತ್ತದೆ’ ಎಂದು ಹೆದರಿಸಿದ ಬಂಧುಗಳಿಗೆ: 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಂ ಪ್ರಕಾರ ವಾರಸುದಾರನ ಹೊಣೆ ಮೃತರ ಆಸ್ತಿಯಿಂದ ತೀರಿಸಬಹುದಾದಷ್ಟಕ್ಕೆ ಸೀಮಿತ. ನಮಗಂತೂ ಬಾಕಿಯೇ ಇಲ್ಲ, ಮರುಪಾವತಿ ಬರಬೇಕಿದೆ.