ಹಿಂದೆ ಬಿದ್ದ ಯೋಜನೆಯನ್ನು ಮೇಲ್ವಿಚಾರಣೆಯಿಂದ ಹಳಿಗೆ ತರಬಹುದೇ?

ಪ್ರಶ್ನೆ
ಗ್ರಾಮೀಣ ಕುಡಿಯುವ ನೀರಿನ ಐದು ವರ್ಷಗಳ ಯೋಜನೆಯೊಂದರ ಮೇಲ್ವಿಚಾರಣೆಯ ಹೊಣೆ ಈಚೆಗೆ ನನಗೆ ಬಂದಿದೆ. ಅವಧಿಯ ಅರ್ಧ ಕಳೆದರೂ ಅನುದಾನದ ಕಾಲು ಭಾಗವೂ ವೆಚ್ಚವಾಗಿಲ್ಲ. ಆದರೆ ತ್ರೈಮಾಸಿಕ ವರದಿಗಳಲ್ಲೆಲ್ಲ ಪ್ರಗತಿ ‘ತೃಪ್ತಿಕರ’ ಎಂದೇ ಇದೆ. ಹಣ ಒದಗಿಸುವ ಸಂಸ್ಥೆ ಈಗ ತಿಂಗಳಿಗೊಂದು ವರದಿ ಕೇಳುತ್ತಿದೆ, ಕ್ಷೇತ್ರ ಸಿಬ್ಬಂದಿಯೋ ನಮೂನೆ ತುಂಬುವುದರಲ್ಲೇ ಬಳಲಿದ್ದಾರೆ. ಏನು ಮಾಡಬಹುದು?

ಉತ್ತರ 1
‘ತೃಪ್ತಿಕರ’ ಎಂಬುದು ಹಳೆಯ ರೋಗ. ವಿಶ್ವಬ್ಯಾಂಕಿನ ಆಂತರಿಕ ಪರಿಶೀಲನೆಯಾದ 1992ರ ವಾಪೆನ್‌ಹಾನ್ಸ್ ವರದಿಯ ಪ್ರಕಾರ, ಮುಗಿದ ಯೋಜನೆಗಳಲ್ಲಿ ಅತೃಪ್ತಿಕರವೆನಿಸಿದವುಗಳ ಪಾಲು 1981ರಲ್ಲಿ ಶೇ. 15 ಇದ್ದದ್ದು 1991ಕ್ಕೆ ಶೇ. 37.5ಕ್ಕೇರಿತ್ತು; ಸಾಲ ಮಂಜೂರು ಮಾಡುವುದಕ್ಕಿದ್ದ ಉತ್ಸಾಹ ಅನುಷ್ಠಾನಕ್ಕೆ ಇರಲಿಲ್ಲವೆಂಬುದು ಅದರ ಮುಖ್ಯ ಆಕ್ಷೇಪ.

ವರದಿ ಹೆಚ್ಚಿಸಬೇಡಿ, ಪ್ರಗತಿ ಅಳೆಯುವ ಸೂಚಕಗಳನ್ನು ಕಡಿಮೆ ಮಾಡಿ. ಅಂಕಿ ಕುಸಿದಾಗ ಯಾರು ಏನು ಮಾಡಬೇಕೆಂದು ಹೇಳಲಾಗದ ಸೂಚಕವನ್ನು ಕೈಬಿಡಿ. ವೆಚ್ಚ ಇಷ್ಟು ಹಿಂದುಳಿದಿದ್ದರೆ ತೊಡಕು ಬಹುಮಟ್ಟಿಗೆ ಕ್ಷೇತ್ರದಲ್ಲಿರುವುದಿಲ್ಲ. ಟೆಂಡರ್, ಜಾಗದ ಹಸ್ತಾಂತರ, ಬಿಲ್ ಪಾವತಿ, ಇವುಗಳಲ್ಲಿ ಪ್ರತಿ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ನಿಂತಿದೆ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು, ಅದನ್ನು ಬಿಡಿಸುವ ಅಧಿಕಾರವಿರುವವರ ಮುಂದೆ ಹದಿನೈದು ದಿನಕ್ಕೊಮ್ಮೆ ಇಡಿ.

ಉತ್ತರ 2
ಮಾಹಿತಿ ಮೇಲಕ್ಕೆ ಮಾತ್ರವಲ್ಲ, ಕೆಳಕ್ಕೂ ಹರಿಯಬೇಕು. ಉಗಾಂಡಾದಲ್ಲಿ 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳಿಗೆ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಕೊಡುವ ತಲಾ ಅನುದಾನದಲ್ಲಿ ಸರಾಸರಿ ಶೇ. 13 ಮಾತ್ರ ಶಾಲೆ ಮುಟ್ಟುತ್ತಿದ್ದುದು ಸಮೀಕ್ಷೆಯೊಂದರಿಂದ ಬೆಳಕಿಗೆ ಬಂದ ಮೇಲೆ, ಜಿಲ್ಲೆಗಳಿಗೆ ಬಿಡುಗಡೆಯಾದ ಮೊತ್ತವನ್ನು ಸರ್ಕಾರ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. 2001ರ ಹೊತ್ತಿಗೆ ಆ ಪಾಲು ಶೇ. 80 ದಾಟಿತ್ತು. (ಶ್ರೇಯವೆಲ್ಲ ಪತ್ರಿಕೆಗಳದ್ದೆನ್ನುವುದು ಅತಿಯಾದೀತು, ಏಕೆಂದರೆ ಆಡಳಿತದಲ್ಲೂ ಅದೇ ಕಾಲದಲ್ಲಿ ಸುಧಾರಣೆಗಳಾಗಿದ್ದವು.)

ಉತ್ತರ 3
ಇದನ್ನು ಪೂರ್ತಿ ಒಪ್ಪಲಾರೆ. ಇಂಡೋನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕಾಮಗಾರಿಗಳ ಮೇಲೆ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಕ್ಕಪರಿಶೋಧನೆಯ ಸಂಭವವನ್ನು ಶೇ. 4ರಿಂದ 100ಕ್ಕೆ ಏರಿಸಿದಾಗ ಲೆಕ್ಕಕ್ಕೆ ಸಿಗದ ವೆಚ್ಚ ಸುಮಾರು 8 ಶೇಕಡಾಂಶ ಇಳಿಯಿತು; ಜನರನ್ನು ಸಭೆಗೆ ಹೆಚ್ಚಾಗಿ ಕರೆದದ್ದರಿಂದ ಕೂಲಿಯ ಸೋರಿಕೆ ತಗ್ಗಿತಾದರೂ ಸಾಮಗ್ರಿಯದು ತಗ್ಗಲಿಲ್ಲ. ಆದ್ದರಿಂದ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂಬುದನ್ನು ಗ್ರಾಮಸ್ಥರು ಹೇಳಲಿ, ಕೊಳವೆಯ ಗುಣಮಟ್ಟವನ್ನು ಹೊರಗಿನ ಎಂಜಿನಿಯರ್ ಅಳೆಯಲಿ.

ಪ್ರಶ್ನೆ ಕೇಳಿದವರು
ಕಡತಗಳ ಹಾಳೆಯಿಂದಲೇ ಆರಂಭಿಸುತ್ತೇನೆ. ಆದರೆ ‘ತೃಪ್ತಿಕರ’ವನ್ನು ನಾವೇ ಇಳಿಸಿದರೆ ಅನುದಾನಕ್ಕೆ ಕುತ್ತು ಬಾರದೇ?

ಉತ್ತರ 1
ಬರಬಹುದು. ಆದರೂ ಮಧ್ಯಾವಧಿ ಪರಿಶೀಲನೆಗೆ ಮೊದಲೇ, ಗುರಿ ಹಾಗೂ ಅವಧಿಯ ಮರುಹೊಂದಾಣಿಕೆಯ ಪ್ರಸ್ತಾವದ ಸಮೇತ ನೀವೇ ತಿಳಿಸಿದರೆ ಅದರ ಮೇಲೆ ಮಾತುಕತೆ ಸಾಧ್ಯ. ಪರಿಶೀಲನಾ ತಂಡವೇ ಪತ್ತೆಹಚ್ಚಿದರೆ ಅದು ಮುಚ್ಚಿಟ್ಟ ಸಂಗತಿಯಾಗಿಯೇ ದಾಖಲಾಗುತ್ತದೆ.